ಓಡುವವರಿಗೆ ಮಂಡಿ ನೋವು: ಶೂ ಕೊಳ್ಳುವ ಮುನ್ನ ಇಷ್ಟು ಗೊತ್ತಿರಲಿ

ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಇದಕ್ಕೆ ತಯಾರಿ ನಡೆಸುವ ಅನೇಕರಿಗೆ ಮೊದಲು ಕೈಕೊಡುವುದೇ ಮಂಡಿ.

ಮಂಡಿ ಚಿಪ್ಪಿನ ಸುತ್ತ ನೋವು, ಮೆಟ್ಟಿಲು ಇಳಿಯುವಾಗ ಜಾಸ್ತಿಯಾದರೆ ಅದು ಸಾಮಾನ್ಯವಾಗಿ ‘ರನ್ನರ್ಸ್ ನೀ’. ಶೂ ಬದಲಿಸಿದ್ರೆ ಸರಿಹೋಗುತ್ತೆ ಅನ್ನೋರೇ ಹೆಚ್ಚು. ಆದರೆ ದೂರ, ವೇಗ ಎರಡನ್ನೂ ಒಮ್ಮೆಲೇ ಏರಿಸುವುದು ಇದಕ್ಕೆ ಮುಖ್ಯ ಕಾರಣ.

ಶೂ ಆಯ್ಕೆ: ಸಂಜೆ ಹೊತ್ತು ಕೊಳ್ಳಿ, ಆಗ ಪಾದ ತುಸು ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸ್ ಹಾಕಿಕೊಂಡೇ ನೋಡಿ. ನಿಂತಾಗ ಬೆರಳ ತುದಿಯ ಮುಂದೆ ಹೆಬ್ಬೆರಳಿನಗಲ ಜಾಗ ಇರಬೇಕು, ಹಿಮ್ಮಡಿ ಜಾರಬಾರದು. ರೇಟು ಜಾಸ್ತಿ ಅಂದ ಮಾತ್ರಕ್ಕೆ ನೋವು ಬರಲ್ಲ ಅಂತಿಲ್ಲ. ಒಂದು ಜೊತೆ ಸುಮಾರು 500ರಿಂದ 800 ಕಿ.ಮೀ. ಬಾಳುತ್ತದೆ. ದಿನಕ್ಕೆ 5 ಕಿ.ಮೀ. ಓಡಿದರೆ 100ರಿಂದ 160 ದಿನ.

ನೋವಿದ್ದರೆ: ಓಟ ಕಡಿಮೆ ಮಾಡಿ. ಬಟ್ಟೆಯಲ್ಲಿ ಸುತ್ತಿದ ಐಸ್ 10-15 ನಿಮಿಷ ಇಡಿ. ತೊಡೆ, ಸೊಂಟದ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಮಾಡಿ. ನೋವಿನ ಮಾತ್ರೆ ನುಂಗಿ ಓಡಬೇಡಿ. ಮಂಡಿ ಊದಿಕೊಂಡರೆ, ಮಡಚಿದ ಕಾಲು ಸಿಕ್ಕಿಕೊಂಡಂತಾದರೆ, ಕಾಲೂರಲು ಆಗದಿದ್ದರೆ ತಡಮಾಡದೆ ಮೂಳೆ ಡಾಕ್ಟರಿಗೆ ತೋರಿಸಿ.