ಔಷಧ ಮಾರಾಟ ಪ್ರತಿನಿಧಿಯ ಸಂದರ್ಶನ: ಮೂರು ತಪ್ಪುಗಳು

ಅಮೆರಿಕದಲ್ಲಿ ಔಷಧ ಮಾರಾಟ ಪ್ರತಿನಿಧಿಯ ಹುದ್ದೆಯನ್ನು ಅರಸುವ ಕನ್ನಡದ ತರುಣ ತರುಣಿಯರು ಸಂದರ್ಶನಕ್ಕೆ ಮುನ್ನ ವೈದ್ಯನಾದ ನನ್ನ ಸಲಹೆಯನ್ನು ಕೇಳುವುದುಂಟು. ಅವರ ಸಿದ್ಧತೆಯಲ್ಲಿ ಮೂರು ತಪ್ಪುಗಳನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲನೆಯದು, ಅಂಕಿಗಳ ಅರ್ಧಸತ್ಯ. ನೂರರಲ್ಲಿ 2 ಮಂದಿಗೆ ಆಗುವ ಹೃದಯಾಘಾತವನ್ನು ಒಂದು ಔಷಧವು 1ಕ್ಕೆ ಇಳಿಸುತ್ತದೆ ಎಂದಿಟ್ಟುಕೊಳ್ಳೋಣ. ‘ಅಪಾಯ ಶೇ. 50 ಇಳಿಯಿತು’ ಎಂಬುದು ಸಾಪೇಕ್ಷ ಲೆಕ್ಕ. ನಿರಪೇಕ್ಷ ಇಳಿಕೆ ಶೇ. 1 ಮಾತ್ರ. ಒಬ್ಬರಿಗೆ ಪ್ರಯೋಜನವಾಗಲು 100 ಮಂದಿ ಔಷಧ ಸೇವಿಸಬೇಕು. ಅಡ್ಡಪರಿಣಾಮದ ಸಂಭವ ನೂರೂ ಮಂದಿಗಿದೆ. ಎರಡೂ ಲೆಕ್ಕಗಳನ್ನು ಹೇಳುವ ಅಭ್ಯರ್ಥಿಯನ್ನು ವೈದ್ಯರು ನಂಬುತ್ತಾರೆ.

ಎರಡನೆಯದು, ಎಲ್ಲ ಪ್ರಶ್ನೆಗೂ ತಾನೇ ಉತ್ತರಿಸುವ ಆತುರ. ಅನುಮೋದಿತವಲ್ಲದ ಬಳಕೆಗೂ ವೈದ್ಯರು ಸ್ವವಿವೇಚನೆಯಿಂದ ಔಷಧ ಬರೆಯಬಹುದು. ಪ್ರತಿನಿಧಿ ಅದನ್ನು ಪ್ರಚಾರ ಮಾಡುವಂತಿಲ್ಲ. ಸಂದರ್ಶಕರು ಆ ಕುರಿತು ಕೆಣಕಿದರೆ, ‘ಪ್ರಶ್ನೆಯನ್ನು ಕಂಪನಿಯ ವೈದ್ಯಕೀಯ ಮಾಹಿತಿ ವಿಭಾಗಕ್ಕೆ ಒಪ್ಪಿಸುತ್ತೇನೆ’ ಎಂಬುದೇ ಸರಿಯುತ್ತರ.

ಮೂರನೆಯದು, ಉಡುಗೊರೆಗಳಿಂದ ವೈದ್ಯರನ್ನು ಒಲಿಸಿಕೊಳ್ಳುವೆನೆಂಬ ಮಾತು. ಅಲ್ಲಿನ ಔಷಧೋದ್ಯಮದ ಸಂಘವೇ ತನ್ನ ನೀತಿಸಂಹಿತೆಯಲ್ಲಿ 2009ರಿಂದ ಪೆನ್ನು, ಕಾಫಿ ಲೋಟಗಳನ್ನೂ ನಿಷೇಧಿಸಿದೆ. ಕಂಪನಿಗಳು ವೈದ್ಯರಿಗಾಗಿ ವೆಚ್ಚ ಮಾಡಿದ ಹಣ, ಊಟಗಳ ವಿವರಗಳು 2014ರಿಂದ ಸರ್ಕಾರದ ‘ಓಪನ್ ಪೇಮೆಂಟ್ಸ್’ ಜಾಲತಾಣದಲ್ಲಿ ಎಲ್ಲರಿಗೂ ಲಭ್ಯವಿವೆ.

ಬೇರೆ ಸರಕುಗಳನ್ನು ಸಾಮಾನ್ಯವಾಗಿ ಆರಿಸಿದವರೇ ಬಳಸುತ್ತಾರೆ. ಔಷಧವನ್ನು ಬರೆಯುವವರು ಒಬ್ಬರು, ನುಂಗುವವರು ಇನ್ನೊಬ್ಬರು. ಮಾರುವವರ ಉತ್ಪ್ರೇಕ್ಷೆಗೆ ಬೆಲೆ ತೆರುವವರು ರೋಗಿಗಳು. ಅವರು ಆ ಮಾತುಕತೆಯಲ್ಲಿ ಇರುವುದೇ ಇಲ್ಲ.