ಚಿತ್ರಕಥೆಯ ವೀರರು ಮತ್ತು ಕನ್ನಡದ ಬೆಳ್ಳಿತೆರೆ

ಚಿತ್ರಕಥೆಯ ಪುಟದಲ್ಲಿ ಹುಟ್ಟಿದ ವೀರನು ಚಲನಚಿತ್ರಕ್ಕೆ ಬಂದಾಗ ಅವನ ಉಡುಪು, ಶಕ್ತಿ, ಹಿನ್ನೆಲೆಗಳಲ್ಲಿ ಆಗುವ ಮಾರ್ಪಾಡುಗಳನ್ನು ಕುರಿತು ಪಾಶ್ಚಾತ್ಯ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಅವನು ಯಾವ ಭಾಷೆಯಲ್ಲಿ ಮಾತನಾಡಬೇಕೆಂಬ ಪ್ರಶ್ನೆ ಅವರನ್ನು ಅಷ್ಟಾಗಿ ಕಾಡಿಲ್ಲ. ಕನ್ನಡದ ಮಟ್ಟಿಗಾದರೋ ಅದೇ ಮೊದಲ ಪ್ರಶ್ನೆ. ಕಾಗದದ ಮೇಲೆ ಕನ್ನಡ ನುಡಿದ ಈ ವೀರರು ತೆರೆಯ ಮೇಲೆ ಬಹುಕಾಲ ಕನ್ನಡದಲ್ಲಿ ಬಾಯಿ ತೆರೆಯಲಿಲ್ಲ.

ಮೂಲದಲ್ಲಿಯೂ ಈ ವೀರರ ಶಕ್ತಿಗಳು ಸ್ಥಿರವಾಗಿರಲಿಲ್ಲವೆಂಬುದನ್ನು ಮೊದಲು ಗಮನಿಸಬೇಕು. 1938ರಲ್ಲಿ ಪ್ರಕಟವಾದ ಮೊದಲ ಕಥೆಯಲ್ಲಿ ಸೂಪರ್‌ಮ್ಯಾನ್ ಹಾರುವವನಲ್ಲ, ನೆಗೆಯುವವನು ಮಾತ್ರ. 1941ರಲ್ಲಿ ಫ್ಲೈಷರ್ ಸಂಸ್ಥೆಯು ಅವನನ್ನು ಅನಿಮೇಷನ್ ಚಿತ್ರಕ್ಕೆ ಅಳವಡಿಸಿದಾಗ ಮೇಲಿಂದ ಮೇಲೆ ನೆಗೆಯುವ ದೃಶ್ಯ ಅಭಾಸವಾಗಿ ಕಂಡಿತು, ಹಾರಾಟ ನೆಲೆಗೊಂಡಿತು. ಅವನ ಬಲಗುಂದಿಸುವ ಕ್ರಿಪ್ಟೊನೈಟ್ 1943ರಲ್ಲಿ ರೇಡಿಯೊ ನಾಟಕದಲ್ಲಿ ಕಾಣಿಸಿಕೊಂಡು, 1949ರಲ್ಲಷ್ಟೇ ಚಿತ್ರಕಥೆಗೆ ಬಂದಿತು. 1962ರ ಸ್ಪೈಡರ್‌ಮ್ಯಾನ್ ತಾನೇ ತಯಾರಿಸಿದ ಯಂತ್ರದಿಂದ ಬಲೆ ಎಸೆಯುತ್ತಿದ್ದ. 2002ರ ಚಲನಚಿತ್ರದಲ್ಲಿ ಬಲೆಯು ಅವನ ಮಣಿಕಟ್ಟಿನಿಂದಲೇ ಹೊಮ್ಮಿತು, ಎರಡು ವರ್ಷಗಳ ಬಳಿಕ ಚಿತ್ರಕಥೆಯೂ ಕೆಲಕಾಲ ಅದನ್ನೇ ಅನುಸರಿಸಿತು. ಚಿತ್ರಕಾರನಿಗೆ ನಡಿಗೆಗೂ ಹಾರಾಟಕ್ಕೂ ತಗಲುವ ಶಾಯಿ ಒಂದೇ, ಚಲನಚಿತ್ರಕಾರನಿಗೆ ಹಾಗಲ್ಲ. ಆದುದರಿಂದ ತೆರೆಗೆ ಬರುವ ಶಕ್ತಿಯನ್ನು ಮೂಲಕಥೆಯಷ್ಟೇ ಆ ಕಾಲದ ತಂತ್ರವೂ ನಿರ್ಧರಿಸುತ್ತದೆ, ಮತ್ತು ತೆರೆಯ ನಿರ್ಧಾರ ಮರಳಿ ಪುಟವನ್ನು ತಿದ್ದುತ್ತದೆ.

ಇನ್ನು ಕನ್ನಡದ ಸಂಗತಿ. ಟೈಮ್ಸ್ ಆಫ್ ಇಂಡಿಯಾ ಸಮೂಹವು 1964ರಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ ಕ್ರಮೇಣ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಹೊರಬಂದು 1990ರವರೆಗೆ ನಡೆಯಿತು. ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್, ಮಾಂತ್ರಿಕ ಮ್ಯಾಂಡ್ರೇಕ್ ಅದರ ಪ್ರಮುಖ ನಾಯಕರು. ಇಲ್ಲಿಯೂ ಅಳವಡಿಕೆ ನಡೆದೇ ಇತ್ತು: ಫ್ಯಾಂಟಮನ ಕಾಡಿನ ನಾಡು ಮೂಲದಲ್ಲಿ ಬಂಗಾಳವನ್ನು ನೆನಪಿಸುವ ಹೆಸರು ಹೊತ್ತಿದ್ದು, ಭಾರತೀಯ ಓದುಗರಿಗಾಗಿ ‘ಡೆಂಕಾಲಿ’ಯಾಯಿತು. ಅಮರ ಚಿತ್ರಕಥೆಯ ಮೊದಲ ಸಂಚಿಕೆಗಳು 1965ರಲ್ಲಿ, ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ, ಕನ್ನಡದಲ್ಲಿಯೇ ಬಂದವು. ಆ ಕಾರಣದಿಂದ ಇಂಗ್ಲಿಷ್ ಮಾಲೆಯ ಎಣಿಕೆ ಹನ್ನೊಂದರಿಂದ ಆರಂಭವಾಗುತ್ತದೆ. ಪರದೇಶದ ಕಥೆಯನ್ನು ಚಿತ್ರಸಮೇತ ಬರಮಾಡಿಕೊಳ್ಳಲು ಕನ್ನಡ ಮುದ್ರಣ ಹಿಂಜರಿಯಲಿಲ್ಲ.

ತೆರೆಯ ಕಥೆ ಬೇರೆ. 1960ರ ದಶಕದಲ್ಲಿ ಅ. ನ. ಕೃಷ್ಣರಾಯರು ಮೊದಲಾದವರು ಡಬ್ಬಿಂಗ್ ವಿರುದ್ಧ ದನಿಯೆತ್ತಿದರು, ಡಾ. ರಾಜಕುಮಾರ್ ಅದಕ್ಕೆ ಬೆಂಬಲವಾಗಿ ನಿಂತರು. ಕಾನೂನಿನ ಬಲವಿಲ್ಲದಿದ್ದರೂ ಆ ನಿಷೇಧ ದಶಕಗಳ ಕಾಲ ಉಳಿಯಿತು. ಅಂದಿನ ಸನ್ನಿವೇಶದಲ್ಲಿ ಅದು ಅನ್ಯಾಯವಾಗಿರಲಿಲ್ಲವೆಂದೇ ಹೇಳಬೇಕು. ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೊಗಳನ್ನೇ ಆಶ್ರಯಿಸಿದ್ದವು. ಯಶವಂತಪುರಕ್ಕೆ ಸಮೀಪದ ಕಂಠೀರವ ಸ್ಟುಡಿಯೊ ಸ್ಥಾಪನೆಯಾದದ್ದು 1966ರಲ್ಲಿ. ಅಗ್ಗದ ಡಬ್ಬಿಂಗ್ ಚಿತ್ರಗಳ ನಡುವೆ ಇಲ್ಲಿನ ಕಲಾವಿದ, ತಂತ್ರಜ್ಞರು ನೆಲೆಯೂರುವುದು ಕಷ್ಟವಿತ್ತು. ಅಲೌಕಿಕ ಶಕ್ತಿಯ ವೀರರೂ ನಮಗೆ ಹೊರಗಿನಿಂದಲೇ ಬರಬೇಕಾಗಿರಲಿಲ್ಲ. ಹುಣಸೂರು ಕೃಷ್ಣಮೂರ್ತಿಯವರ ‘ಬಬ್ರುವಾಹನ’ (1977) ಒಂದೇ ಸಾಕು. 2006ರ ಏಪ್ರಿಲ್‌ನಲ್ಲಿ ರಾಜಕುಮಾರ್ ಅವರ ಅಂತ್ಯಸಂಸ್ಕಾರ ನಡೆದದ್ದು ಅದೇ ಕಂಠೀರವ ಸ್ಟುಡಿಯೊದಲ್ಲಿ.

ಆದರೆ ಈ ರಕ್ಷಣೆಗೆ ತೆತ್ತ ಬೆಲೆಯನ್ನೂ ಲೆಕ್ಕ ಹಾಕಬೇಕಾಗುತ್ತದೆ. 2002ರ ಸ್ಪೈಡರ್‌ಮ್ಯಾನ್ ಹಿಂದಿ, ತಮಿಳು, ತೆಲುಗುಗಳಲ್ಲಿ ಬಂದಿತು, ಯಲಹಂಕ, ಆರ್. ಟಿ. ನಗರಗಳ ಕನ್ನಡದ ಬಾಲಕ ಅವನನ್ನು ಪರಭಾಷೆಯಲ್ಲಿಯೇ ಕಾಣಬೇಕಾಯಿತು. ತಂದೆ ಇಂದ್ರಜಾಲದಲ್ಲಿ ಕನ್ನಡದಲ್ಲಿ ಓದಿದ ಬಗೆಯ ಕಥೆಯನ್ನು ಮಗ ಇಂಗ್ಲಿಷಿನಲ್ಲಿ ಕೇಳಿದ. ಕಲ್ಪನೆಯ ಒಂದು ಇಡೀ ಕ್ಷೇತ್ರಕ್ಕೆ ಬೇಕಾದ ಆಡುನುಡಿ ಕನ್ನಡದಲ್ಲಿ ಬೆಳೆಯದೆ ಹೋಯಿತೆಂಬುದು ನನ್ನ ಅಭಿಪ್ರಾಯ. ಭಾರತೀಯ ಸ್ಪರ್ಧಾ ಆಯೋಗವು 2015ರ ಜುಲೈನಲ್ಲಿ ನಿಷೇಧದ ವಿರುದ್ಧ ತೀರ್ಪಿತ್ತಿತು. 2017ರಲ್ಲಿ ತಮಿಳಿನಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ತೆರೆಕಂಡಿತು. 2022ರಲ್ಲಿ ಮಾರ್ವೆಲ್ ಸಂಸ್ಥೆಯ ಡಾಕ್ಟರ್ ಸ್ಟ್ರೇಂಜ್ ಮತ್ತು ಥಾರ್ ಕನ್ನಡದಲ್ಲಿಯೂ ಮಾತನಾಡಿದರು.

ಇವೆರಡಕ್ಕಿಂತ ಕುತೂಹಲಕರವಾದದ್ದು 2023ರ ಜೂನ್‌ನ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’. ಇದರಲ್ಲಿ ಬರುವ ಭಾರತೀಯ ಸ್ಪೈಡರ್‌ಮ್ಯಾನ್ ಪವಿತ್ರ ಪ್ರಭಾಕರ್‌ನನ್ನು 2004ರಲ್ಲಿ ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಚಿತ್ರಕಾರ ಜೀವನ್ ಕಾಂಗ್ ಚಿತ್ರಕಥೆಗಾಗಿ ರೂಪಿಸಿದ್ದರು. ದೇವರಾಜನ್ ಸಹಸ್ಥಾಪಕರಾಗಿ 2006ರಲ್ಲಿ ತೊಡಗಿದ ವರ್ಜಿನ್ ಕಾಮಿಕ್ಸ್‌ನ ಚಿತ್ರಶಾಲೆ ಬೆಂಗಳೂರಿನಲ್ಲಿತ್ತು. ಆ ಚಿತ್ರಕಥೆಯಲ್ಲಿ ವಿಕಿರಣಗೊಂಡ ಜೇಡವಿಲ್ಲ. ಪ್ರಾಚೀನ ಯೋಗಿಯೊಬ್ಬನ ವರದಿಂದ ಪವಿತ್ರನಿಗೆ ಶಕ್ತಿ ಬರುತ್ತದೆ. ಪ್ರಯೋಗಶಾಲೆಯ ಅಪಘಾತವು ವರವಾಗಿ ಮಾರ್ಪಟ್ಟದ್ದು ನಮ್ಮ ಪುರಾಣದ ಓದುಗರಿಗೆ ಅಚ್ಚರಿಯೆನಿಸದು. ಚಲನಚಿತ್ರದಲ್ಲಿ ಅವನ ಮುಂಬಯಿ ‘ಮುಂಬಾಟನ್’ ಆಯಿತು, ಪ್ರೇಯಸಿ ಮೀರಾ ಜೈನ್‌ಳ ಸ್ಥಾನಕ್ಕೆ ಗಾಯತ್ರಿ ಸಿಂಗ್ ಬಂದಳು. ಆ ನಗರದ ಬಣ್ಣ, ರೇಖೆಗಳಿಗೆ ಕಲಾನಿರ್ದೇಶನ ತಂಡವು ಮಾದರಿಯಾಗಿರಿಸಿಕೊಂಡದ್ದು 1970ರ ದಶಕದ ಇಂದ್ರಜಾಲ ಕಾಮಿಕ್ಸ್ ಪುಟಗಳನ್ನು. ಚಿತ್ರವು ಭಾರತದಲ್ಲಿ ಇಂಗ್ಲಿಷೂ ಸೇರಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾಯಿತು. ಅವುಗಳಲ್ಲಿ ಕನ್ನಡವೂ ಒಂದು.