ಕೊಲ್ಲುವ ಒಲವಿಗೆ ಎಂಟು ಶತಮಾನದ ಓದುಗರು

ಪ್ರೇಮಿಯೇ ಕೊಲೆಗಾರನಾದರೆ ಅಂಥ ಪ್ರೇಮಕಥೆಯನ್ನು ಯಾರು ಓದುತ್ತಾರೆ? ಬಹಳ ಜನ ಓದುತ್ತಾರೆ ಎಂಬುದೇ ಇಂದಿನ ಪುಸ್ತಕ ಮಾರುಕಟ್ಟೆ ನೀಡುವ ಉತ್ತರ. ‘ಡಾರ್ಕ್ ರೊಮ್ಯಾನ್ಸ್’ ಎಂಬ ಹೆಸರಿನ ಇಂಗ್ಲಿಷ್ ಕಾದಂಬರಿಗಳು ಬೆಂಗಳೂರಿನ ಪುಸ್ತಕದಂಗಡಿಗಳಲ್ಲೂ ಕಾಲೇಜು ಹುಡುಗಿಯರ ಕೈಚೀಲಗಳಲ್ಲೂ ಕಾಣಸಿಗುತ್ತವೆ. ಇವುಗಳ ನಾಯಕ ನಾಯಕಿಯ ಬೆನ್ನು ಹತ್ತುತ್ತಾನೆ, ಕದ್ದು ನೋಡುತ್ತಾನೆ, ಹೊತ್ತೊಯ್ಯುತ್ತಾನೆ, ಅಡ್ಡ ಬಂದವರನ್ನು ಕೊಲ್ಲುತ್ತಾನೆ. ಆದರೂ ಕೊನೆಗೆ ನಾಯಕಿ ಒಲಿಯುವುದು ಅವನಿಗೇ. 2021ರಲ್ಲಿ ಪ್ರಕಟವಾದ ಎಚ್.ಡಿ. ಕಾರ್ಲ್‌ಟನ್ ಅವರ ‘ಹಾಂಟಿಂಗ್ ಅಡಲೈನ್’ ಈ ಬಗೆಯ ಕಾದಂಬರಿಗಳಲ್ಲಿ ಹೆಚ್ಚು ಹೆಸರು ಮಾಡಿದ್ದು. ಓದುಗರಲ್ಲಿ ಹೆಚ್ಚಿನವರು ಮಹಿಳೆಯರು ಎಂಬುದು ಹಿರಿಯರ ಹುಬ್ಬೇರಿಸಿದೆ.

ಕಾಲ ಕೆಟ್ಟಿತು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಕನ್ನಡದ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ. ಕೊಲೆಗಿಳಿದ ಒಲವಿನ ಕಥೆಗೆ ನಮ್ಮ ನಾಡಿನಲ್ಲಿ ಎಂಟು ಶತಮಾನಗಳಿಗೂ ಮೀರಿದ ಇತಿಹಾಸವಿದೆ. ಅದನ್ನು ಕೇಳಿದವರು ಕದ್ದು ಕೇಳಿದವರೂ ಅಲ್ಲ, ಧರ್ಮಗ್ರಂಥವೆಂದೇ ಕೇಳಿದವರು.

ತುಮಕೂರು ಜಿಲ್ಲೆಯ ಗುಬ್ಬಿಯಿಂದ ತಿಪಟೂರಿನತ್ತ ಸಾಗುವ ಹೆದ್ದಾರಿಯಲ್ಲಿ ನಿಟ್ಟೂರು ಸಿಗುತ್ತದೆ. ತೆಂಗು ಅಡಿಕೆಯ ಈ ಸೀಮೆಯ ಊರಿನಲ್ಲಿ 12ನೇ ಶತಮಾನದ ಶಾಂತಿನಾಥ ಬಸದಿ ಇದೆ. ಹೊಯ್ಸಳರ ಕಾಲದ ಕಟ್ಟಡ. ಇಂಥ ಬಸದಿಗಳು ನಾಡಿನ ಊರೂರುಗಳಲ್ಲಿ ಎದ್ದು ನಿಂತಿದ್ದ ಕಾಲದಲ್ಲಿ, ಅವುಗಳಲ್ಲಿ ಕೈಮುಗಿದು ಕುಳಿತ ಶ್ರಾವಕ ಶ್ರಾವಕಿಯರಿಗಾಗಿ ಕಾವ್ಯ ಬರೆದವನು ಜನ್ನ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ‘ಕವಿಚಕ್ರವರ್ತಿ’ ಎನಿಸಿಕೊಂಡವನು. ಅವನ ಎರಡು ಕಾವ್ಯಗಳಲ್ಲೂ ಒಬ್ಬೊಬ್ಬ ಕೊಲೆಗಡುಕ ಪ್ರೇಮಿ ಇರುವುದು ಗಮನಾರ್ಹ. ಒಂದರಲ್ಲಿ ಹೆಣ್ಣು, ಇನ್ನೊಂದರಲ್ಲಿ ಗಂಡು.

ಮಾವುತನ ಹಾಡು

ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ ಮುನ್ನೂರಕ್ಕೆ ತುಸು ಹೆಚ್ಚು ಪದ್ಯಗಳ ಚಿಕ್ಕ ಕಾವ್ಯ. ಕಥೆ ಜನ್ನನದೇ ಅಲ್ಲ. 959ರಲ್ಲಿ ಸೋಮದೇವ ಸಂಸ್ಕೃತದಲ್ಲಿ ‘ಯಶಸ್ತಿಲಕ’ವನ್ನು ಬರೆದಿದ್ದ, ಅದೇ ಶತಮಾನದಲ್ಲಿ ಪುಷ್ಪದಂತ ಅಪಭ್ರಂಶದಲ್ಲೂ, ಮುಂದಿನ ಶತಮಾನದಲ್ಲಿ ವಾದಿರಾಜ ಸಂಸ್ಕೃತದಲ್ಲೂ ಇದನ್ನೇ ಹೇಳಿದ್ದರು. ಕನ್ನಡಿಗರ ಮನಸ್ಸಿನಲ್ಲಿ ನೆಲೆ ನಿಂತದ್ದು ಜನ್ನನ ಕಾವ್ಯ.

ಉಜ್ಜಯಿನಿಯ ಅರಸ ಯಶೋಧರ, ಅವನ ರಾಣಿ ಅಮೃತಮತಿ. ಒಂದು ರಾತ್ರಿ ಆನೆಯ ಲಾಯದ ಕಡೆಯಿಂದ ತೇಲಿಬಂದ ಮಾವುತನ ಹಾಡಿಗೆ ರಾಣಿ ಸೋಲುತ್ತಾಳೆ. ಬೆಳಗಾದ ಮೇಲೆ ಅವನನ್ನು ನೋಡಿ ಬರಲು ದಾಸಿಯನ್ನು ಕಳಿಸುತ್ತಾಳೆ. ಹೋದವಳು ಹೇಸಿಕೊಂಡು ಹಿಂತಿರುಗುತ್ತಾಳೆ. ಅಷ್ಟಾವಂಕ ಎಂಬ ಹೆಸರಿಗೆ ತಕ್ಕಂತೆ ಅವನ ಮೈಯೆಲ್ಲ ಡೊಂಕು. ಅವನ ಕುರೂಪವನ್ನು ದಾಸಿ ಅಂಗಾಂಗ ಸಮೇತ ಬಣ್ಣಿಸಿದರೂ ರಾಣಿಯ ಮನಸ್ಸು ಹಿಂಜರಿಯುವುದಿಲ್ಲ. ರಾತ್ರಿಯ ಭೇಟಿಗಳು ಮೊದಲಾಗುತ್ತವೆ. ಒಮ್ಮೆ ಬರುವುದು ತಡವಾಯಿತೆಂದು ಮಾವುತ ಅವಳ ಜುಟ್ಟು ಹಿಡಿದೆಳೆದು ಬಡಿಯುತ್ತಾನೆ. ಅವಳು ಅವನನ್ನೇ ಬೇಡಿಕೊಳ್ಳುತ್ತಾಳೆ. ಹಿಂಬಾಲಿಸಿ ಬಂದ ಅರಸ ಕತ್ತಲಲ್ಲಿ ನಿಂತು ಇದನ್ನೆಲ್ಲ ಕಾಣುತ್ತಾನೆ. ಎತ್ತಿದ ಕತ್ತಿಯನ್ನು ತಾನೇ ತಡೆದುಕೊಂಡು ಹಿಂತಿರುಗುತ್ತಾನೆ. ಕೊನೆಗೆ ಕೊಲ್ಲುವವಳು ಅಮೃತಮತಿಯೇ. ಗಂಡ ರಾಜ್ಯ ಬಿಟ್ಟು ತಪಸ್ಸಿಗೆ ಹೊರಟಾಗ ಅವನನ್ನೂ ಅತ್ತೆ ಚಂದ್ರಮತಿಯನ್ನೂ ಔತಣಕ್ಕೆ ಕರೆದು ವಿಷವಿಕ್ಕುತ್ತಾಳೆ.

ಶೃಂಗಾರಕ್ಕೆ ಬೀಭತ್ಸ ವಿರೋಧಿ, ಎರಡನ್ನೂ ಒಂದೆಡೆ ಬೆರೆಸಬಾರದು ಎಂದು ನಮ್ಮ ಆಲಂಕಾರಿಕರು ಎಚ್ಚರಿಸಿದ್ದುಂಟು. ಜನ್ನ ಅವೆರಡನ್ನೂ ಬೇಕೆಂದೇ ಪಕ್ಕಪಕ್ಕದಲ್ಲಿ ಕೂರಿಸಿದ. ಅಮೃತಮತಿಗೆ ಕುಷ್ಠವನ್ನೂ ನರಕವನ್ನೂ ಕಾವ್ಯ ವಿಧಿಸುತ್ತದೆ. ಆದರೆ ಆ ಹಾಡಿನ ಸೆಳೆತ ಎಂಥದೆಂಬುದನ್ನು ಕವಿ ಬಚ್ಚಿಡುವುದಿಲ್ಲ. ಪಾಪದ ಫಲ ತಿಳಿಯಬೇಕಾದರೆ ಪಾಪದ ರುಚಿಯೂ ಕೇಳುಗನಿಗೆ ತಿಳಿದಿರಬೇಕು ಎಂಬ ಧೈರ್ಯ ಅವನದು.

ಗೆಳೆಯನ ಹೆಂಡತಿ

1230ರ ‘ಅನಂತನಾಥ ಪುರಾಣ’ದಲ್ಲಿ ಬರುವ ಚಂಡಶಾಸನನ ಪ್ರಸಂಗ ಇಂದಿನ ಕಾದಂಬರಿಗಳಿಗೆ ಇನ್ನೂ ಹತ್ತಿರ. ಗೆಳೆಯ ವಸುಷೇಣನ ಅರಮನೆಗೆ ಅತಿಥಿಯಾಗಿ ಬಂದ ಚಂಡಶಾಸನ ಗೆಳೆಯನ ಮಡದಿ ಸುನಂದೆಗೆ ಮನಸೋಲುತ್ತಾನೆ. ಉಂಡ ಮನೆಗೆ ಎರಡು ಬಗೆದು ಅವಳನ್ನು ತನ್ನ ರಾಜ್ಯಕ್ಕೆ ಕದ್ದೊಯ್ಯುತ್ತಾನೆ. ಬೇಡಿ ನೋಡುತ್ತಾನೆ, ಬೆದರಿಸಿ ನೋಡುತ್ತಾನೆ, ಅವಳು ಒಲಿಯುವುದಿಲ್ಲ. ಗಂಡನ ಆಸೆ ಬಿಟ್ಟರೆ ತನ್ನವಳಾಗಬಹುದೆಂದು ವಸುಷೇಣನ ತಲೆಯನ್ನೇ ಹೋಲುವ ಮಾಯೆಯ ರುಂಡವೊಂದನ್ನು ಅವಳ ಮುಂದಿಡಿಸುತ್ತಾನೆ. ಅದನ್ನು ನಿಜವೆಂದು ನಂಬಿದ ಸುನಂದೆಯ ಪ್ರಾಣ ಅಲ್ಲಿಯೇ ಹೋಗುತ್ತದೆ. ಅವಳಿಲ್ಲದೆ ಬದುಕಲಾರದೆ ಚಂಡಶಾಸನ ಅವಳ ಚಿತೆಯನ್ನೇರುತ್ತಾನೆ.

ಇಲ್ಲಿ ಓದುಗನ ಮನಸ್ಸು ಇಬ್ಭಾಗವಾಗುತ್ತದೆ. ಚಂಡಶಾಸನ ಮಾಡಿದ್ದು ದ್ರೋಹ, ಅಪಹರಣ, ಕೊಲೆಗೆ ಸಮನಾದ ವಂಚನೆ. ಆದರೂ ಚಿತೆಯೇರಿದ ಅವನ ಬಗ್ಗೆ ಎಲ್ಲೋ ಒಂದು ಮರುಕ ಹುಟ್ಟುತ್ತದೆ. ಜನ್ನನಿಗಿಂತ ಸುಮಾರು ಒಂದು ಶತಮಾನ ಮೊದಲೇ ನಾಗಚಂದ್ರ ತನ್ನ ‘ರಾಮಚಂದ್ರಚರಿತಪುರಾಣ’ದ ರಾವಣನಿಗೆ ಇಂಥದೇ ಮರುಕವನ್ನು ಗಳಿಸಿಕೊಟ್ಟಿದ್ದ. ಸೀತೆಯ ದೃಢತೆಯನ್ನು ಕಂಡು ಒಳಗೇ ಬದಲಾಗುವ ಆ ರಾವಣನಲ್ಲಿ ಗ್ರೀಕ್ ರುದ್ರನಾಟಕಗಳ ದುರಂತ ನಾಯಕನನ್ನು ಗುರುತಿಸಿದವರು ಬಿ.ಎಂ. ಶ್ರೀಕಂಠಯ್ಯ. ಸೊಫೋಕ್ಲೀಸನ ನಾಟಕವನ್ನು ಆಧರಿಸಿ 1929ರಲ್ಲಿ ‘ಅಶ್ವತ್ಥಾಮನ್’ ನೀಡಿದ ಬಿ.ಎಂ.ಶ್ರೀ. ಹುಟ್ಟಿದ್ದು ಇದೇ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ.

ರಿಚರ್ಡ್‌ಸನ್‌ನ ಸಂಕಟ

ಈ ಮರುಕ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಇಂಗ್ಲೆಂಡಿನಲ್ಲೊಂದು ಪ್ರಸಿದ್ಧ ಉದಾಹರಣೆಯಿದೆ. ಸ್ಯಾಮ್ಯುಯೆಲ್ ರಿಚರ್ಡ್‌ಸನ್ 1747-48ರಲ್ಲಿ ‘ಕ್ಲಾರಿಸಾ’ ಎಂಬ ಬೃಹತ್ ಕಾದಂಬರಿಯನ್ನು ಕಂತುಗಳಲ್ಲಿ ಪ್ರಕಟಿಸಿದ. ಅದರ ಲವ್‌ಲೇಸ್ ನಾಯಕಿಯನ್ನು ಮೋಸದಿಂದ ಮನೆ ಬಿಡಿಸಿ, ಮತ್ತು ಬರಿಸಿ, ಬಲಾತ್ಕಾರ ಮಾಡುತ್ತಾನೆ. ಕ್ಲಾರಿಸಾ ಕೊರಗಿ ಸಾಯುತ್ತಾಳೆ. ಕೊನೆಯ ಸಂಪುಟಗಳು ಹೊರಬರುವ ಮುನ್ನವೇ ಅವನನ್ನು ತಿದ್ದಿ ಅವಳೊಂದಿಗೆ ಮದುವೆ ಮಾಡಿಸಿ ಎಂಬ ಮೊರೆ ಓದುಗ ಮಹಿಳೆಯರಿಂದ ಲೇಖಕನಿಗೆ ಬಂತು. ಎಚ್ಚರಿಕೆಗಾಗಿ ಸೃಷ್ಟಿಸಿದ ದುಷ್ಟನನ್ನು ಓದುಗರು ಮೆಚ್ಚಿಕೊಂಡದ್ದು ಕಂಡು ರಿಚರ್ಡ್‌ಸನ್ ಕಂಗಾಲಾದ. ಮುಂದಿನ ಆವೃತ್ತಿಗಳಲ್ಲಿ ಲವ್‌ಲೇಸ್‌ನನ್ನು ಇನ್ನಷ್ಟು ಕರಾಳವಾಗಿ ತಿದ್ದಿದ. ಮೋಹ ಮಾತ್ರ ಇಳಿಯಲಿಲ್ಲ.

1938ರಲ್ಲಿ ದಾಫ್ನೆ ಡು ಮೊರಿಯೆ ಬರೆದ ‘ರೆಬೆಕ್ಕಾ’ದ ಶ್ರೀಮಂತ ನಾಯಕ ಮೊದಲ ಹೆಂಡತಿಯನ್ನು ಗುಂಡಿಟ್ಟು ಕೊಂದವನು. ಎರಡನೆಯ ಹೆಂಡತಿ ಅದನ್ನು ತಿಳಿದ ಮೇಲೂ ಅವನ ಪಕ್ಕದಲ್ಲೇ ನಿಲ್ಲುತ್ತಾಳೆ. 1940ರಲ್ಲಿ ಹಿಚ್‌ಕಾಕ್ ಅದನ್ನು ಸಿನಿಮಾ ಮಾಡುವಾಗ ಕೊಲೆಯನ್ನು ಆಕಸ್ಮಿಕ ಸಾವಾಗಿ ಬದಲಿಸಬೇಕಾಯಿತು. ಕೊಂದವನು ಶಿಕ್ಷೆಯಿಲ್ಲದೆ ಪಾರಾಗಬಾರದೆಂಬುದು ಹಾಲಿವುಡ್‌ನ ಅಂದಿನ ನೀತಿಸಂಹಿತೆಯ ಕಟ್ಟಳೆ.

ಬೇರೆ ಬೇರೆ ಕಪಾಟು

ಕನ್ನಡದ ಜನಪ್ರಿಯ ಸಾಹಿತ್ಯ ಈ ವಿಷಯದಲ್ಲಿ ಬಹುಕಾಲ ಒಂದು ಅಂತರ ಕಾಯ್ದುಕೊಂಡಿತ್ತು. ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಾಲದಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ ಮುಂತಾದವರ ಸಾಮಾಜಿಕ ಕಾದಂಬರಿಗಳು ಒಂದು ಬಗೆ, ಎನ್. ನರಸಿಂಹಯ್ಯನವರ ನೂರಾರು ಪತ್ತೇದಾರಿ ಕಾದಂಬರಿಗಳು ಇನ್ನೊಂದು ಬಗೆ. ಒಂದರಲ್ಲಿ ಪ್ರೇಮ, ಇನ್ನೊಂದರಲ್ಲಿ ಕೊಲೆ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಕೊಲೆಗಾರನ ಕೈಗೆ ಕೋಳ ಬೀಳುತ್ತಿತ್ತು. ಡಾರ್ಕ್ ರೊಮ್ಯಾನ್ಸ್ ಮಾಡಿದ್ದು ಈ ಎರಡು ಕಪಾಟುಗಳ ನಡುವಣ ಹಲಗೆಯನ್ನು ಕಿತ್ತುಹಾಕುವ ಕೆಲಸ.

ರಂಗಭೂಮಿಗೆ ಆ ಅಂತರ ಇರಲಿಲ್ಲ. ನಿಟ್ಟೂರಿನ ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ನಂತರ ಗುಬ್ಬಿ ವೀರಣ್ಣನವರಿಂದ ನಾಡಿಗೆಲ್ಲ ಹೆಸರಾದ ಕಂಪನಿಯ ‘ಸದಾರಮೆ’ಯನ್ನು ಜನ ನೆನೆಯುವುದೇ ಅದರ ಕಳ್ಳನಿಂದ. ಸದಾರಮೆಯನ್ನು ಹೊತ್ತೊಯ್ಯುವ ಆ ಕಳ್ಳನ ಪಾತ್ರದಲ್ಲಿ ವೀರಣ್ಣನವರನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಆದರೆ ನಾಟಕದಲ್ಲಿ ಗೆಲ್ಲುವವಳು ಸದಾರಮೆ. ಅವಳು ಜಾಣತನದಿಂದ ಪಾರಾಗುತ್ತಾಳೆ, ಪ್ರೇಕ್ಷಕರು ಕಳ್ಳನ ಪೆಚ್ಚುಮೋರೆ ನೋಡಿ ನಗುತ್ತಾರೆ. ಅಪಹರಣದ ಭಯವನ್ನು ನಗೆಯಲ್ಲಿ ಕರಗಿಸಿದ ಬಗೆ ಇದು.

ಸಿನಿಮಾಕ್ಕೆ ಬರುವಷ್ಟರಲ್ಲಿ ನಗೆ ಮಾಯವಾಯಿತು. 1993ರ ಹಿಂದಿ ‘ಡರ್’ನ ಕನ್ನಡ ರೂಪವಾಗಿ 2000ದಲ್ಲಿ ‘ಪ್ರೀತ್ಸೆ’ ತೆರೆಕಂಡಿತು. ಶಿವರಾಜ್‌ಕುಮಾರ್ ನಾಯಕ; ಒಲ್ಲದ ಹುಡುಗಿಯ ಬೆನ್ನು ಬಿಡದ ಹುಚ್ಚು ಪ್ರೇಮಿಯಾಗಿ ಉಪೇಂದ್ರ. ಚಿತ್ರದ ಶೀರ್ಷಿಕೆಯೇ ಆ ಹುಚ್ಚು ಪ್ರೇಮಿಯ ಬೇಡಿಕೆಯಂತೆ, ಅಪ್ಪಣೆಯಂತೆ ಕೇಳಿಸುತ್ತದೆ.

ಭಯಕ್ಕೇಕೆ ರುಚಿ?

ನಿಜಜೀವನದಲ್ಲಿ ಯಾರಿಗೂ ಬೇಡವಾದದ್ದು ಪುಸ್ತಕದಲ್ಲಿ ಏಕೆ ಬೇಕೆನಿಸುತ್ತದೆ? ಭಾರತೀಯ ಕಾವ್ಯಮೀಮಾಂಸೆ ಈ ಪ್ರಶ್ನೆಯನ್ನು ಬಹು ಹಿಂದೆಯೇ ಎದುರಿಸಿದೆ. ಲೋಕದ ಭಯ ಓಡಿಸುತ್ತದೆ, ಕಾವ್ಯದ ಭಯಾನಕ ಹಿಡಿದು ಕೂರಿಸುತ್ತದೆ. ‘ನನಗೆ’, ‘ನನ್ನವರಿಗೆ’ ಎಂಬ ಅಂಟು ಕಳಚಿಕೊಂಡಾಗ ದುಃಖ, ಭಯ, ಜುಗುಪ್ಸೆಗಳೂ ಆಸ್ವಾದಕ್ಕೆ ಒದಗುತ್ತವೆ ಎಂಬುದು ಅಭಿನವಗುಪ್ತನ ವಿಚಾರಧಾರೆ. ಅದನ್ನು ‘ಭಾರತೀಯ ಕಾವ್ಯಮೀಮಾಂಸೆ’ ಗ್ರಂಥದಲ್ಲಿ ಕನ್ನಡಿಗರಿಗೆ ತಿಳಿಯಾಗಿ ವಿವರಿಸಿದ ತೀ.ನಂ. ಶ್ರೀಕಂಠಯ್ಯನವರೂ ತುಮಕೂರು ಜಿಲ್ಲೆಯ ತೀರ್ಥಪುರದವರೇ.

ಓದುಗಿಯ ಕಡೆಯಿಂದ ನೋಡಿದರೆ ಇನ್ನೊಂದು ಕಾರಣವೂ ಹೊಳೆಯುತ್ತದೆ. ಸಂಜೆ ಬಸ್ ನಿಲ್ದಾಣದಿಂದ ಮನೆಗೆ ನಡೆಯುವಾಗ ಹಿಂದೆ ಕೇಳುವ ಹೆಜ್ಜೆಯ ಸದ್ದಿನ ಮೇಲೆ ಹೆಣ್ಣಿಗೆ ಯಾವ ಹಿಡಿತವೂ ಇರುವುದಿಲ್ಲ. ಪುಸ್ತಕದ ಮೇಲೆ ಪೂರ್ತಿ ಹಿಡಿತವಿರುತ್ತದೆ. ಬೇಡವೆನಿಸಿದ ಕ್ಷಣ ಮುಚ್ಚಿಡಬಹುದು. ಕಥೆಯೊಳಗೆ ಅಪಹರಣ, ಹಿಂಸೆ, ಕೊಲೆ ಏನೇನಿದೆ ಎಂಬ ಎಚ್ಚರಿಕೆಯ ಪಟ್ಟಿಯನ್ನೇ ಇಂಥ ಅನೇಕ ಕಾದಂಬರಿಗಳು ಮೊದಲ ಪುಟಗಳಲ್ಲಿ ಅಚ್ಚುಹಾಕುತ್ತವೆ. ಜೊತೆಗೆ, ಲೋಕಕ್ಕೆಲ್ಲ ಹುಲಿಯಾದವನು ತನ್ನೊಬ್ಬಳಿಗೆ ಮಾತ್ರ ಹಸುವಾಗುತ್ತಾನೆ ಎಂಬ ಹಳೆಯ ಆಸೆಯೂ ಅಲ್ಲಿ ಈಡೇರುತ್ತದೆ.

ಕಥೆ ಹೇಳುವವರು ಯಾರು?

ಇಷ್ಟಾದರೂ ಜನ್ನನಿಗೂ ಇಂದಿನ ಕಾದಂಬರಿಗಳಿಗೂ ಒಂದು ದೊಡ್ಡ ವ್ಯತ್ಯಾಸ ಉಳಿಯುತ್ತದೆ. ಅದು ನೀತಿಬೋಧೆಯದಲ್ಲ, ಕಥೆ ಯಾರ ಬಾಯಿಂದ ಬರುತ್ತದೆ ಎಂಬುದರದು.

‘ಯಶೋಧರ ಚರಿತೆ’ ಆರಂಭವಾಗುವುದು ಬಲಿಪೀಠದ ಎದುರು. ಚಂಡಮಾರಿಗೆ ನರಬಲಿ ಕೊಡಲು ಮಾರಿದತ್ತನೆಂಬ ಅರಸ ಸಿದ್ಧನಾಗಿದ್ದಾನೆ. ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು ಹಿಡಿದು ತರಲಾಗಿದೆ. ಸಾವಿನ ಎದುರೂ ಅಂಜದ ಅವರನ್ನು ಕಂಡು ಬೆರಗಾದ ಅರಸ ಯಾರೆಂದು ಕೇಳಿದಾಗ ಅಭಯರುಚಿ ಕಥೆ ಹೇಳತೊಡಗುತ್ತಾನೆ. ಹಿಂದಿನ ಜನ್ಮದಲ್ಲಿ ಅವನೇ ಯಶೋಧರ, ತಂಗಿಯೇ ತಾಯಿ ಚಂದ್ರಮತಿ. ಎಂದರೆ ಕಥೆ ಹೇಳುತ್ತಿರುವವನು ಕೊಲೆಯಾದವನು. ಕೇಳುತ್ತಿರುವವನು ಕೊಲ್ಲಲು ನಿಂತವನು. ಹಿಟ್ಟಿನ ಹುಂಜವೊಂದನ್ನು ಕಡಿದ ಸಂಕಲ್ಪಮಾತ್ರದ ಹಿಂಸೆಗೆ ತಾಯಿ ಮಗ ಪ್ರಾಣಿಪಕ್ಷಿಗಳಾಗಿ ಹುಟ್ಟಿ ಹುಟ್ಟಿ ಸತ್ತ ಬಗೆಯನ್ನು ಕೇಳಿ ಮಾರಿದತ್ತ ಬಲಿಯನ್ನೇ ನಿಲ್ಲಿಸುತ್ತಾನೆ. ಜೈನರಲ್ಲಿ ಈ ಕಥೆಗೆ ಜೀವದಯಾಷ್ಟಮಿಯ ನಂಟು ಬಂದದ್ದು ಇದರಿಂದಲೇ.

ಆದರೆ ಈ ಏರ್ಪಾಟಿನಲ್ಲೂ ಒಬ್ಬಳ ದನಿ ಅಡಗಿಹೋಗಿದೆ. ಅಮೃತಮತಿಯ ಕಥೆಯನ್ನು ಅಮೃತಮತಿ ಹೇಳುವುದಿಲ್ಲ, ಅವಳಿಂದ ಸತ್ತ ಗಂಡ ಹೇಳುತ್ತಾನೆ. ಆ ಹಾಡಿನಲ್ಲಿ ಅವಳಿಗೆ ಸಿಕ್ಕಿದ್ದೇನು, ಅರಮನೆಯಲ್ಲಿ ಸಿಗದೆ ಹೋದದ್ದೇನು ಎಂದು ಕೇಳಲು ಇನ್ನೊಂದು ಯುಗ ಬೇಕಾಯಿತು. ಗಿರೀಶ ಕಾರ್ನಾಡರು 1980ರಲ್ಲಿ ಇದೇ ವಸ್ತುವಿನಿಂದ ‘ಹಿಟ್ಟಿನ ಹುಂಜ’ ನಾಟಕ ಬರೆದು ರಾಜ, ರಾಣಿ, ರಾಜಮಾತೆ, ಮಾವುತ ನಾಲ್ವರನ್ನೂ ಎದುರುಬದುರು ನಿಲ್ಲಿಸಿದಾಗ ರಾಣಿಗೆ ಮಾತು ಬಂತು. ಇಂದಿನ ಡಾರ್ಕ್ ರೊಮ್ಯಾನ್ಸ್‌ಗಳಲ್ಲಿ ಕಥೆಯ ಒಂದು ಪಾಲನ್ನಾದರೂ ಸಾಮಾನ್ಯವಾಗಿ ಹೆಣ್ಣೇ ಹೇಳುತ್ತಾಳೆ. ಅವಳ ಭಯ, ಅವಳ ಬಯಕೆ, ಅವಳ ಮಾತು. ಓದುಗಿಯರನ್ನು ಹಿಡಿದಿಟ್ಟಿರುವುದು ಕೊಲೆಗಾರನ ವರ್ಚಸ್ಸಿಗಿಂತ ಈ ದನಿಯೇ ಇರಬಹುದು. ಇನ್ನೊಂದು ಪಾಲು ನಾಯಕನ ಬಾಯಿಗೆ ಹೋಗುತ್ತದೆ. ಅವನ ಕೈಯಲ್ಲಿ ಸತ್ತವರಿಗೆ ಅಲ್ಲಿ ಹೆಸರಿದ್ದರೂ ಬಾಯಿ ಇರುವುದಿಲ್ಲ.

ಪುಸ್ತಕದ ಹೊರಗೆ ಈ ಪ್ರಶ್ನೆ ಕಾನೂನಿನ ಬಾಗಿಲಿಗೂ ಬಂದಿದೆ. ಒಲ್ಲದ ಹೆಣ್ಣಿನ ಬೆನ್ನು ಹತ್ತುವುದನ್ನು ಪ್ರತ್ಯೇಕ ಅಪರಾಧವೆಂದು ಭಾರತದ ಕಾನೂನು ಹೆಸರಿಟ್ಟು ಗುರುತಿಸಿದ್ದು 2013ರ ತಿದ್ದುಪಡಿಯಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಅದು ಮುಂದುವರಿದಿದೆ. ಪ್ರೀತಿ ನಿರಾಕರಿಸಿದ್ದಕ್ಕೆ ಕೊಲೆ ಎಂಬ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ. ಆರೋಪಿ ತಾನು ಅವಳನ್ನು ಎಷ್ಟು ಪ್ರೀತಿಸುತ್ತಿದ್ದೆನೆಂದು ಪೊಲೀಸರ ಮುಂದೆ ಹೇಳಬಲ್ಲ. ಅವಳು ಏನನ್ನೂ ಹೇಳಲಾರಳು. ಮತ್ತೆ ಹುಟ್ಟಿ ಬಂದು ಕಥೆ ಹೇಳುವ ಸೌಲಭ್ಯ ಇರುವುದು ಜನ್ನನ ಕಾವ್ಯದಲ್ಲಿ ಮಾತ್ರ.

ಇಂಥ ಕಾದಂಬರಿಗಳನ್ನು ಓದುವವರು ಕೆಡುತ್ತಾರೆಂಬ ಹೆದರಿಕೆಗೆ ಆಧಾರ ಕಡಿಮೆ. ಬಸದಿಗಳಲ್ಲಿ ಕುಳಿತು ಅಮೃತಮತಿಯ ಕಥೆ ಕೇಳಿದ ತಲೆಮಾರುಗಳು ಮನೆಗೆ ಹೋಗಿ ವಿಷ ಬೆರೆಸಲಿಲ್ಲ. ಅವರು ಹಾಡಿನ ಮೋಹವನ್ನೂ ಅನುಭವಿಸಿದರು, ಸತ್ತವನ ಮಾತನ್ನೂ ಕೇಳಿದರು. ಎರಡನ್ನೂ ಒಂದೇ ಕಾವ್ಯದಲ್ಲಿ ಕೇಳಿಸಿದ್ದು ಜನ್ನನ ಹೆಚ್ಚುಗಾರಿಕೆ. ಕನ್ನಡದಲ್ಲಿ ಮುಂದೆ ಯಾರಾದರೂ ಕೊಲೆಗಾರ ಪ್ರೇಮಿಯ ಕಾದಂಬರಿ ಬರೆಯಲು ಕುಳಿತರೆ ಅವರ ಬೆನ್ನಿಗೆ ಈ ಪರಂಪರೆಯಿದೆ. ಅದರಲ್ಲಿ ಸುನಂದೆಗೂ ಒಂದು ಅಧ್ಯಾಯ ಮೀಸಲಾದರೆ ಓದುಗರು ಅದನ್ನೂ ಬಿಡದೆ ಓದುತ್ತಾರೆ.